ಲೈನ್ ಕ್ಲಿಯರ್ ಮತ್ತು ಒಂಬತ್ತು ಸುತ್ತು

ಮೊನ್ನೆ ಕಪಾಟಿನಿಂದ ಹಳೆಯ ಡೈರಿಯೊಂದನ್ನು ಎಳೆದಾಗ ಅದರೊಳಗಿಂದ ಒಂದು ಟಿಕೆಟ್ಟು ಜಾರಿ ನೆಲಕ್ಕೆ ಬಿತ್ತು. ಬಿದ್ದದ್ದನ್ನು ಎತ್ತಿಕೊಳ್ಳುವುದು ನಿಮಗೆ ಬಗ್ಗಿ ಏಳುವಷ್ಟು ಹೊತ್ತಿನ ಕೆಲಸ. ನನಗೆ ಅದೊಂದು ಕಾರ್ಯಕ್ರಮ. ಗೋಡೆಗೆ ಬೆನ್ನು ಕೊಡಬೇಕು, ಎಡಗೈ ಊರುಗೋಲನ್ನು ಮಂಚಕ್ಕೆ ಒರಗಿಸಬೇಕು, ಬಲಗೈ ಕೋಲಿನ ರಬ್ಬರ್ ತುದಿಯಿಂದ ಕಾಗದವನ್ನು ಹತ್ತಿರಕ್ಕೆ ಎಳೆಯಬೇಕು, ಆಮೇಲೆ ಗೋಡೆಗುಂಟ ಜಾರಿ ಕೂರಬೇಕು. ಒಟ್ಟು ನಾಲ್ಕು ನಿಮಿಷ. ಏಳಲು ಇನ್ನು ಆರು. ನಿಮಿಷವನ್ನೂ ಎಣಿಸುತ್ತಾಳಲ್ಲ ಎಂದು ನಗಬೇಡಿ. ನಡೆಯಲು ಬಾರದವರಿಗೆ ಏನಾದರೊಂದು ಚಟ ಬೇಕು. ನನ್ನದು ಎಣಿಕೆ.

ಟಿಕೆಟ್ಟು ಹರಿಹರದ ದಾರಿಯಲ್ಲಿ ಹೆದ್ದಾರಿಯ ಪಕ್ಕಕ್ಕಿದ್ದ ಒಂದು ಆಟದ ಪಾರ್ಕಿನದು. ಮೂಲೆ ಹರಿದಿಲ್ಲ, ಅಂದರೆ ಬಳಸಿಲ್ಲ. ಹಿಂಭಾಗದಲ್ಲಿ ನೇರಳೆ ಶಾಯಿಯ ಮೊಹರು: ಲಾಕ್‌ಡೌನ್ ಕಾರಣ ಅವಧಿ ವಿಸ್ತರಿಸಲಾಗಿದೆ. ಇದರ ಜೊತೆಯದನ್ನು ನಾನು ಬಳಸಿದೆ. ಇದು ಅಪ್ಪನ ಪಾಲಿನದು.

ಅಪ್ಪ ಕರೆಂಟಿನ ಲೈನ್‌ಮನ್. ನನ್ನ ಡೈರಿಯ ಚಟಕ್ಕೆ ಅವನೇ ಕಾರಣ. ನಾನು ಐದನೆಯ ತರಗತಿಯಲ್ಲಿದ್ದಾಗ ಶಾಲೆಯಲ್ಲಿ ದಿನಕ್ಕೆ ಎರಡು ಮೂರು ಸಲ ಬೀಳುತ್ತಿದ್ದೆ. ಹುಟ್ಟುವಾಗ ಉಸಿರಾಡಲು ತಡ ಮಾಡಿದೆನಂತೆ, ಅದಕ್ಕೆ ಕಾಲುಗಳು ಬಿಗಿ. ಮನೆಗೆ ಬಂದು ಅಳುತ್ತಿದ್ದೆ. ಅಮ್ಮ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು. ಅಳುವ ಹುಡುಗಿಯನ್ನು ಏನು ಮಾಡಬೇಕೆಂದು ಅಪ್ಪನಿಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದುದು ಲಾಗ್‌ಬುಕ್ ಒಂದೇ. ಆಫೀಸಿನಿಂದ ಖಾಲಿ ಲಾಗ್‌ಬುಕ್ಕೊಂದನ್ನು ತಂದು ನನ್ನ ಮುಂದಿಟ್ಟ.

"ಅಳಬ್ಯಾಡ ಸುಮವ್ವ, ಬರಿ. ಎಲ್ಲಿ ಬಿದ್ದೆ, ಯಾಕ ಬಿದ್ದೆ, ಏನು ಮಾಡ್ದೆ. ಬರದ್ರ ಆ ಫಾಲ್ಟು ಅಲ್ಲಿಗೆ ಮುಗೀತು."

ಹಾಗೆ ಶುರುವಾಯಿತು. ದಿನಾಂಕ, ಸ್ಥಳ, ದೋಷ, ದುರಸ್ತಿ, ಹಾಜರಿದ್ದವರು. ಬೇರೆ ಹುಡುಗಿಯರು ಡೈರಿಯಲ್ಲಿ ಮನಸ್ಸು ಬಿಚ್ಚಿಡುತ್ತಾರಂತೆ. ನನ್ನದು ಹೀಗಿರುತ್ತಿತ್ತು: ಸ್ಥಳ, ಶಾಲೆಯ ನಲ್ಲಿ ಹತ್ತಿರ. ದೋಷ, ಪಾಚಿ. ದುರಸ್ತಿ, ರೇಣುಕಾ ಎತ್ತಿದಳು. ಸ್ವಲ್ಪ ದಿನದ ಮೇಲೆ ಆರನೆಯ ಅಂಕಣವೊಂದನ್ನು ನಾನೇ ಗೆರೆ ಹಾಕಿ ಸೇರಿಸಿಕೊಂಡೆ. ಅದರ ಹೆಸರು 'ಕೈ'. ಆ ದಿನ ನನ್ನನ್ನು ಎತ್ತಲು, ಹಿಡಿಯಲು, ದಾಟಿಸಲು ಎಷ್ಟು ಸಲ ಇನ್ನೊಬ್ಬರ ಕೈ ಬೇಕಾಯಿತು ಎಂಬ ಲೆಕ್ಕ. ಹನ್ನೊಂದು, ಒಂಬತ್ತು, ಹದಿನಾಲ್ಕು. ಸೊನ್ನೆ ಬರೆಯುವ ದಿನ ಬಂದರೆ ಅಪ್ಪನಿಗೆ ಬೆಣ್ಣೆದೋಸೆ ಕೊಡಿಸುತ್ತೇನೆಂದು ಹೇಳಿಕೊಂಡಿದ್ದೆ. ಆ ದೋಸೆ ಅವನಿಗೆ ಸಿಗಲಿಲ್ಲ. ಎಣಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅವನ ಕೈಗಳೇ.

ಎತ್ತುವುದಕ್ಕೂ ಅಪ್ಪನದೊಂದು ಪದ್ಧತಿಯಿತ್ತು. ಲೈನ್‌ಮನ್ ಕಂಬ ಹತ್ತುವ ಮುಂಚೆ ಸಬ್‌ಸ್ಟೇಷನ್ನಿಗೆ ಫೋನು ಮಾಡಿ 'ಲೈನ್ ಕ್ಲಿಯರ್' ಪಡೆಯಬೇಕು. ಆ ತಂತಿಯಲ್ಲಿ ಕರೆಂಟು ತೆಗೆದಿದ್ದೇವೆ, ಹತ್ತಬಹುದು ಎಂಬ ಮಾತು ಅದು. ಆ ಮಾತು ಬಾರದೆ ಹತ್ತುವಂತಿಲ್ಲ. ಇಳಿದ ಮೇಲೆ ಪಡೆದವನೇ ಅದನ್ನು ವಾಪಸು ಕೊಡಬೇಕು. ಅವನು ಕೊಡುವ ತನಕ ಊರೆಲ್ಲ ಬೈದರೂ ಯಾರೂ ಸ್ವಿಚ್ಚು ಹಾಕುವಂತಿಲ್ಲ. ಅಪ್ಪ ನನ್ನ ಕಂಕುಳಿಗೆ ಕೈ ಹಾಕುವ ಮುಂಚೆ ಪ್ರತಿ ಸಲವೂ ಕೇಳುತ್ತಿದ್ದ. "ಲೈನ್ ಕ್ಲಿಯರ್?" ನಾನು "ಕ್ಲಿಯರ್" ಅನ್ನಬೇಕು. ಅಂದರೆ ನಾನು ಬಿಗಿ ಹಿಡಿದಿಲ್ಲ, ಹೆದರಿಲ್ಲ, ಎತ್ತಬಹುದು. ಕುರ್ಚಿಯಲ್ಲಿ ಕೂರಿಸಿದ ಮೇಲೆ "ವಾಪಸ್" ಅನ್ನುತ್ತಿದ್ದ. ಸಿಟ್ಟು ಬಂದಾಗ ನಾನು ಬೇಕೆಂದೇ ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಎಷ್ಟು ಹೊತ್ತಾದರೂ ಎತ್ತುತ್ತಿರಲಿಲ್ಲ, ಕೈ ಚಾಚಿಕೊಂಡೇ ನಿಂತಿರುತ್ತಿದ್ದ. ಅವನನ್ನು ನಿಲ್ಲಿಸುವ ಶಕ್ತಿ ನನಗಿದೆ ಎಂದು ನಾನು ನಂಬಿದ್ದು ಹಾಗೆ.

ಟಿಕೆಟ್ಟು ಕೊಂಡದ್ದು ಕೊರೋನಾದ ಮೊದಲನೆಯ ಅಲೆ ಇಳಿದ ಚಳಿಗಾಲದಲ್ಲಿ. ಪಾರ್ಕಿನ ಆಚೆ ಹೊಲಗಳಲ್ಲಿ ದೊಡ್ಡ ಲೈನಿನ ಟವರುಗಳಿವೆ. ಅವನ್ನು ಹತ್ತಿ ಬಂದ ದಿನಗಳಲ್ಲಿ ಅಪ್ಪ ಊಟಕ್ಕೆ ಕೂತು ವರ್ಣಿಸುತ್ತಿದ್ದ. "ಈ ಕಡಿ ನೋಡಿದ್ರ ದಾವಣಗೇರಿ, ಆ ಕಡಿ ನೋಡಿದ್ರ ಹರಿಹರದ ಹೊಳಿ. ಬಿಸಿಲಾಗ ತಗಡು ಹಾಸಿದಂಗ ಇರತೈತಿ." ನನ್ನನ್ನು ಟವರಿಗೆ ಹತ್ತಿಸುವುದು ಅವನ ಕೈಲೂ ಆಗದ ಮಾತು. "ಪಾರ್ಕಿನಾಗ ಜೈಂಟ್ ವೀಲ್ ಐತಿ. ಅದ್ರಾಗ ಕೂಡ್ಸಿ ತೋರ್ಸ್ತೀನಿ ತಡಿ" ಎಂದು ಎರಡು ಟಿಕೆಟ್ಟು ತಂದ. ಇವತ್ತು ನಾಳೆ ಎನ್ನುವಷ್ಟರಲ್ಲಿ ಎರಡನೆಯ ಅಲೆ ಬಂತು.

ನಿಮಗೂ ಆ ದಿನಗಳು ನೆನಪಿರಬೇಕು. ಕೆ.ಬಿ. ಬಡಾವಣೆಯ ಡಿಟಿಪಿ ಅಂಗಡಿಯಲ್ಲಿ ನನ್ನ ಕೆಲಸ. ಮಾಲೀಕ ಮುನೀರಣ್ಣ. ಆ ಬೇಸಿಗೆ ಲಗ್ನಪತ್ರಿಕೆಯ ಫೈಲುಗಳೆಲ್ಲ ಹಾಗೇ ನಿಂತು, ಶ್ರದ್ಧಾಂಜಲಿಯ ಒಂದೇ ಫೈಲು ದಿನಕ್ಕೆ ಹತ್ತು ಸಲ ತೆರೆಯತೊಡಗಿತು. ಫೋಟೋ ಬದಲಿಸು, ಹೆಸರು ಬದಲಿಸು, ಉಳಿಸು. ಮನೆಯಿಂದಲೇ ಮಾಡುತ್ತಿದ್ದೆ. ಅಪ್ಪನದನ್ನೂ ಅದೇ ಫೈಲಿನಲ್ಲಿ ನಾನೇ ಮಾಡಿದೆ. "ನೀ ಬ್ಯಾಡವ್ವ, ನಾ ಮಾಡ್ತೀನಿ" ಎಂದು ಮುನೀರಣ್ಣ ಫೋನಿನಲ್ಲಿ ಹೇಳಿದರು. ಅವರಿಗೆ ಟೈಪು ಬರುವುದಿಲ್ಲ. ಮೌಸು ಹಿಡಿದರೆ ಹಾವು ಹಿಡಿದಂತೆ ಹಿಡಿಯುತ್ತಾರೆ. ಅವರ ಕೈಗೆ ಅಪ್ಪನನ್ನು ಕೊಡಲು ಮನಸ್ಸು ಬರಲಿಲ್ಲ.

ಅಪ್ಪನನ್ನು ಆಸ್ಪತ್ರೆಗೆ ಒಯ್ದ ದಿನದ ಪುಟದಲ್ಲಿ 'ದೋಷ' ಎಂಬಲ್ಲಿ 'ಉಸಿರು' ಎಂದಷ್ಟೇ ಇದೆ. ಬೆಳಿಗ್ಗೆ ಆಂಬುಲೆನ್ಸ್ ಬಂತು. ದಾವಣಗೆರೆಯಲ್ಲಿ ಹಾಸಿಗೆಯಿಲ್ಲ, ಹರಿಹರಕ್ಕೆ ಒಯ್ಯುತ್ತೇವೆ ಎಂದರು. ನಾನು ಬಾಗಿಲ ಒಳಗೆ ಕುರ್ಚಿಯಲ್ಲಿದ್ದೆ, ಅವನು ಗೇಟಿನಾಚೆ. ನನಗೂ ಜ್ವರವಿತ್ತು. ಆಂಬುಲೆನ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಅಪ್ಪ ತಿರುಗಿದ. ಮಾಸ್ಕಿನ ಒಳಗಿಂದ ಕೇಳಿದ.

"ಲೈನ್ ಕ್ಲಿಯರ್ ಏನವ್ವ?"

ನಾನು ಉತ್ತರ ಕೊಡಲಿಲ್ಲ. ನಾನು ಹೇಳದಿದ್ದರೆ ಅವನು ಹತ್ತುವುದಿಲ್ಲ, ಇಪ್ಪತ್ತು ವರ್ಷದ ರೂಢಿ ಅದು. ಕೈ ಕಟ್ಟಿಕೊಂಡು ಬಾಯಿ ಮುಚ್ಚಿ ಕೂತೆ. ಇಪ್ಪತ್ತಾರು ವಯಸ್ಸಿನ ಹೆಂಗಸು, ಲಾಗ್‌ಬುಕ್ ಬರೆಯುವವಳು, ಹಾಗೆ ಯೋಚಿಸಿದೆ. ಅವನು ಸ್ವಲ್ಪ ಹೊತ್ತು ಕಾದ. ಪಿಪಿಇ ಕಿಟ್ಟು ತೊಟ್ಟವನೊಬ್ಬ "ಹತ್ರಿ ಯಜಮಾನ್ರೆ, ಲೇಟಾಗ್ತತಿ" ಎಂದ. ಹತ್ತಿದ.

ಒಂಬತ್ತನೆಯ ದಿನ ಫೋನು ಬಂತು. ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಅಪ್ಪನನ್ನು ಚೀಲದಲ್ಲಿ ಕಟ್ಟಿ ಮಲಗಿಸಿದರಂತೆ, ಹರಿಹರದ ಹೊಳೆಯ ಕಡೆ ಎಲ್ಲೋ. ನನ್ನನ್ನು ಅಷ್ಟು ಸಲ ಎತ್ತಿದವನನ್ನು ಎಷ್ಟು ಕೈಗಳು ಎತ್ತಿದವು ಎಂಬ ಲೆಕ್ಕ ನನ್ನ ಬಳಿ ಇಲ್ಲ. ಕೇಳಿದರೆ ಹೇಳುವವರೂ ಇಲ್ಲ.

ಅದಾದ ಮೇಲೆ ಲೋಕಿಕೆರೆಯಿಂದ ದೊಡ್ಡಪ್ಪ ದಿನಾ ಫೋನು ಮಾಡುತ್ತಿದ್ದರು. ಅಪ್ಪನ ಅಣ್ಣ. ಕೆಟ್ಟವರಲ್ಲ. ಅಲೆ ಇಳಿದ ಮೇಲೆ ಒಂದು ಭಾನುವಾರ ದೇವರಾಜ ಅರಸು ಬಡಾವಣೆಯ ನಮ್ಮ ಬಾಡಿಗೆ ಮನೆಗೆ ಬಂದು ಮಾತು ತೆಗೆದರು.

"ಮುಂದಿನ ಭಾನ್ವಾರ ಟೆಂಪೋ ತರ್ತೀನಿ. ಸಾಮಾನು ಹೇರ್ಕಂಡು ಊರಿಗೆ ಹೋಗಾನ. ಒಂದ್ ಮೂಲಿಯಾಗ ಮಂಚ ಹಾಕಿದ್ರಾತು, ಎರಡು ಹೊತ್ತು ಉಂಡ್ಕಂಡು ಇದ್ರಾತು."

ಆ ಮೂಲೆ ನನಗೆ ಗೊತ್ತು. ಅವರ ಮನೆಯ ಹೊಸ್ತಿಲು ನನ್ನ ಮೊಣಕಾಲೆತ್ತರ. ಕಕ್ಕಸು ಹಿತ್ತಿಲ ಕೊನೆಗೆ, ಅಂಗಳಕ್ಕೆ ಚಪ್ಪಡಿ ಹಾಸಿಲ್ಲ. ಅಲ್ಲಿ ಮೂಲೆಗೆ ಕೂತವಳು ಮತ್ತೆ ಏಳುವುದಿಲ್ಲ. ಕೆಲಸವೂ ಇಲ್ಲ, ಅಂಗಡಿಯೂ ಇಲ್ಲ.

"ನಾ ಇಲ್ಲೇ ಇರ್ತೀನಿ ದೊಡ್ಡಪ್ಪ."

"ಯಾರು ಎತ್ತಾರು? ಒಂದಿನಾ, ಒಂದೇ ದಿನಾ ಯಾರ್ದೂ ಕೈ ಇಲ್ದಂಗ ಇದ್ದು ತೋರ್ಸು. ಆಮ್ಯಾಕ ಮಾತಾಡಾನ."

ಅವರು ಬಾಯಿಮಾತಿಗೆ ಅಂದದ್ದು. ಅಂಕಣ ಹಾಕಿಕೊಂಡವಳಿಗೆ ಬಾಯಿಮಾತು ತಿಳಿಯುವುದಿಲ್ಲ. ಒಂದು ಇಡೀ ದಿನ, ಮನೆಯ ಹೊರಗೆ, 'ಕೈ' ಸೊನ್ನೆ. ಸೊನ್ನೆ ಬಂದರೆ ಇಲ್ಲಿ, ಬರದಿದ್ದರೆ ಲೋಕಿಕೆರೆ ಎಂದು ಬರೆದೇ ಇಟ್ಟೆ. ಪಾರ್ಕು ಆಗಷ್ಟೇ ತೆರೆದಿತ್ತು, ಟಿಕೆಟ್ಟಿಗೆ ವಿಸ್ತರಿಸಿದ್ದ ಅವಧಿ ಆ ವಾರವೇ ಮುಗಿಯುತ್ತಿತ್ತು. ಬುಧವಾರ ಹೊರಟೆ.

ಪರಿಚಯದ ಆಟೋದವನು ಕೆಳಗಿಳಿದು ಕೈ ಚಾಚಿದ. "ಬ್ಯಾಡಣ್ಣ, ಇವತ್ತು ಮುಟ್ಟಬ್ಯಾಡ್ರಿ" ಅಂದೆ. ಕೊರೋನಾ ಭಯ ಅಂದುಕೊಂಡು ಮುಖ ಸಣ್ಣ ಮಾಡಿಕೊಂಡ. ಸೀಟಿಗೆ ಹಿಂದು ಮುಂದಾಗಿ ಕೂತು, ಕಾಲುಗಳನ್ನು ಪ್ಯಾಂಟು ಹಿಡಿದು ಒಳಗೆ ಎಳೆದುಕೊಂಡೆ. ಸೊನ್ನೆ.

ಗೇಟಿನಲ್ಲಿ ಹಣೆಗೆ ಥರ್ಮಾಮೀಟರಿನ ಗನ್ನು ಹಿಡಿದರು, ನನ್ನ ಕೋಲುಗಳಿಗೂ ಸ್ಯಾನಿಟೈಸರ್ ಹೊಡೆದರು. "ಜತಿಗೆ ಯಾರೂ ಇಲ್ರಾ?" ಎಂದು ಟಿಕೆಟ್ಟಿನವಳು ಕೇಳಿದಳು. ಎರಡು ಟಿಕೆಟ್ಟು ತೋರಿಸಿ, ಎರಡಕ್ಕೂ ಅವಧಿಯ ಮೊಹರು ಹಾಕಿಸಿ, ಒಂದರ ಮೂಲೆ ಮಾತ್ರ ಹರಿಸಿಕೊಂಡೆ. ಪಾರ್ಕಿನಲ್ಲಿ ಜನವೇ ಇರಲಿಲ್ಲ. ನೀರಿನ ಕೊಳಗಳು ಒಣಗಿ ತಳದಲ್ಲಿ ಎಲೆ ಬಿದ್ದಿದ್ದವು. ಬಣ್ಣ ಹೋದ ಆನೆಯೊಂದು ಸೊಂಡಿಲೆತ್ತಿಕೊಂಡು ಯಾರಿಗೂ ಅಲ್ಲದ ಸ್ವಾಗತ ಕೋರುತ್ತಿತ್ತು. ಸ್ಪೀಕರಿನಲ್ಲಿ ಹಾಡಿನ ಬದಲು ಆರು ಅಡಿ ಅಂತರ ಕಾಯ್ದುಕೊಳ್ಳಿ ಎಂಬ ಹೆಣ್ಣು ಧ್ವನಿ. ಗೇಟಿನಿಂದ ಜೈಂಟ್ ವೀಲಿಗೆ ನನ್ನ ಕೋಲಿನ ಹೆಜ್ಜೆಯಲ್ಲಿ ಆರುನೂರ ಹನ್ನೆರಡು. ನಡುವೆ ಐದು ಸಲ ಕೂತೆ. ಡಬ್ಬಿಯ ಚಿತ್ರಾನ್ನ ತಿಂದೆ. ವಿಹಾರ ಅಂದರೆ ಇದೇ ಇರಬೇಕು ಎಂದು ಸಮಾಧಾನ ಮಾಡಿಕೊಂಡೆ.

ವೀಲು ನಡೆಸುವವನ ಎದೆಯ ಬಿಲ್ಲೆಯಲ್ಲಿ ಇರ್ಫಾನ್ ಎಂದಿತ್ತು. ಮೂವತ್ತು ದಾಟಿದವನು. ನನ್ನನ್ನು ನೋಡಿ ಎದ್ದು ನಿಂತ.

"ಕೋಲು ಒಳಗ ಬಿಡಂಗಿಲ್ರಿ ಮೇಡಮ್. ರೂಲ್ಸು. ನಾ ಹಿಡ್ಕಂಡಿರ್ತೀನಿ."

ಕಂಬಿ ಹಿಡಿದು ನಾಲ್ಕು ಮೆಟ್ಟಿಲು ಹತ್ತಿದೆ. ತೊಟ್ಟಿಲಿಗೆ ಬೆನ್ನು ಮಾಡಿ ಹಿಮ್ಮುಖವಾಗಿ ಒಳಗೆ ಕೂತುಬಿಟ್ಟೆ. ಬೀಳುವುದರಲ್ಲಿ ನನಗೆ ಅನುಭವಕ್ಕೇನೂ ಕೊರತೆಯಿಲ್ಲ. ಇರ್ಫಾನ್ ಕೋಲುಗಳನ್ನು ತೆಗೆದುಕೊಂಡು ಸರಪಳಿ ಹಾಕಿದ. ಒಬ್ಬಳೇ ಕೂತರೆ ವೀಲು ಒಂದು ಕಡೆಗೆ ಎಳೆಯುತ್ತದಂತೆ. ಅದಕ್ಕೆ ಎದುರಿನ ತೊಟ್ಟಿಲಿಗೆ ಮರಳಿನ ಚೀಲ ಇಡಬೇಕು.

"ನಿಮ್ದು ವೇಟ್ ಎಷ್ಟ್ರಿ?"

"ನಲವತ್ತಾರು."

ಎರಡು ಚೀಲ ಇಟ್ಟ. ಅಪ್ಪ ಕೂರಬೇಕಿದ್ದ ಆಟದಲ್ಲಿ ನನಗೆ ಜೊತೆಯಾಗಿ ಮರಳು ಕೂತಿತು. ನಾನು ಮೇಲಿದ್ದಾಗ ಅದು ಕೆಳಗೆ, ಅದು ಮೇಲಿದ್ದಾಗ ನಾನು ಕೆಳಗೆ.

ಮೂರು ಸುತ್ತು ಟಿಕೆಟ್ಟಿನದು. ಕಣ್ಣು ಮುಚ್ಚಿಕೊಂಡೇ ಕಳೆದೆ, ಹೆದರಿಕೆಯಿತ್ತು. ನಿಂತಾಗ ಇರ್ಫಾನ್ ಸರಪಳಿ ತೆಗೆದು ಕೋಲು ಕೊಟ್ಟ. ಎದ್ದೆ. ತೊಟ್ಟಿಲು ಹಿಂದಕ್ಕೆ ಹೋಯಿತು, ನಾನು ಸೀಟಿಗೆ ಕುಸಿದೆ. ಮತ್ತೆ ಎದ್ದೆ. ಸ್ಯಾನಿಟೈಸರಿನಲ್ಲಿ ತೊಯ್ದ ತಗಡಿನ ಮೇಲೆ ಕೋಲು ಜಾರಿತು. ಒಳಗೆ ಬರುವ ಉಪಾಯ ಮಾತ್ರ ಯೋಚಿಸಿದ್ದೆ. ಇಷ್ಟೆಲ್ಲ ಪಟ್ಟಿ ಮಾಡುವವಳು ಹೊರಗೆ ಬರುವುದನ್ನು ಪಟ್ಟಿಯಲ್ಲಿ ಬರೆದಿರಲಿಲ್ಲ.

ಇರ್ಫಾನ್ ಕೈ ಮುಂದೆ ತಂದವನು ಅರ್ಧಕ್ಕೇ ನಿಲ್ಲಿಸಿದ. "ಮುಟ್ಟಂಗಿಲ್ರಿ ಮೇಡಮ್. ಗೆಸ್ಟ್ ಮುಟ್ಟಿದ್ರ ಅವತ್ತೇ ಕೆಲ್ಸ ಬಿಟ್ಟು ಮನಿಗೆ ಅಂದಾರ. ಮೊದ್ಲನೇ ಲಾಕ್‌ಡೌನಿನಾಗ ಒಂದ್ಸಲ ಮನಿಗೆ ಹೋಗಿ ಬಂದೀನಿ."

"ಬ್ಯಾಡ್ರಿ. ನಾನೇ ಬರ್ತೀನಿ."

"ಹಿಂಗ ನಿಲ್ಸಿದ್ರ ಸೂಪರ್‌ವೈಸರ್ ಬರ್ತಾನ್ರಿ. ತಿರುಗ್ತಿದ್ರ ಏನೂ ಕೇಳಂಗಿಲ್ಲ. ಇನ್ನೊಂದ್ ಸುತ್ತು ಹೋಗಿ ಬರ್ರಿ, ಅಷ್ಟ್ರಾಗ ನಾ ಏನಾರ ಯೋಚ್ನಿ ಮಾಡ್ತೀನಿ."

ನಾಲ್ಕನೆಯ ಸುತ್ತಿನ ಕೊನೆಗೆ ಅವನು ಕಾಲಿನಿಂದ ತೊಟ್ಟಿಲನ್ನು ಒತ್ತಿ ಹಿಡಿದ. ಐದಕ್ಕೆ ತಗಡಿನ ಮೇಲೆ ಗೋಣಿಚೀಲ ಹಾಸಿದ. ಆರಕ್ಕೆ ನಾನು ಮೊಣಕಾಲೂರಿ ತೆವಳಿ ನೋಡಿದೆ, ಅಂಚಿಗೆ ಬರುವಷ್ಟರಲ್ಲಿ ತೊಟ್ಟಿಲು ಮುಂದಕ್ಕೆ ವಾಲಿ ಹಲ್ಲು ಕಂಬಿಗೆ ಬಡಿಯಿತು. ಮಾಸ್ಕು ಕೆಂಪಾಯಿತು. "ಹೋಗಿ ಬರ್ರಿ" ಎಂದ ಇರ್ಫಾನ್. ಅವನ ದನಿ ಅಳುವಂತಿತ್ತು.

ಏಳನೆಯ ಸುತ್ತಿನಲ್ಲಿ ನಾನು ಕಣ್ಣು ತೆರೆದೆ. ಮುಚ್ಚಿಕೊಳ್ಳಲು ಇನ್ನು ಕಾರಣವಿರಲಿಲ್ಲ, ಸೊನ್ನೆ ಹೋಗುವುದಂತೂ ಖಚಿತವಾಗಿತ್ತು. ಮೇಲೆ ಗಾಳಿ ಜೋರಿತ್ತು. ಒಂದು ಕಡೆ ದಾವಣಗೆರೆಯ ಮನೆಗಳು, ಹೆದ್ದಾರಿಯ ಲಾರಿಗಳು, ಹೊಲದಲ್ಲಿ ಕೈ ಚಾಚಿ ನಿಂತ ಟವರುಗಳು. ಇನ್ನೊಂದು ಕಡೆ ಹರಿಹರ. ಹೊಳೆ ಅಪ್ಪ ಹೇಳಿದ ಹಾಗೆಯೇ ಇತ್ತು, ತಗಡು ಹಾಸಿದಂತೆ. ಆ ತಗಡಿನ ದಂಡೆಯಲ್ಲಿ ಎಲ್ಲೋ ಒಂದು ಕಡೆ ಅವನನ್ನು ಮಲಗಿಸಿದ್ದರು. ಎಲ್ಲಿ ಎಂದು ಕಣ್ಣಲ್ಲೇ ಹುಡುಕುವಷ್ಟರಲ್ಲಿ ವೀಲು ಕೆಳಗಿಳಿಯಿತು. ಎಂಟನೆಯ ಸುತ್ತಿಗೆ ಮತ್ತೆ ಹುಡುಕಿದೆ. ಗೊತ್ತಾಗಲಿಲ್ಲ. ಗೊತ್ತಾಗದ ಕಡೆಗೇ ಮುಖ ಮಾಡಿ ಹೇಳಿದೆ.

"ಕ್ಲಿಯರ್, ಅಪ್ಪ."

ಮೂರು ತಿಂಗಳು ತಡವಾಗಿತ್ತು. ಮಾಸ್ಕಿನೊಳಗೆ ರಕ್ತದ ರುಚಿ.

ಒಂಬತ್ತನೆಯ ಸುತ್ತು ಮುಗಿದು ನಿಂತಾಗ ಕೆಳಗೆ ಇರ್ಫಾನ್ ಜೊತೆ ಒಬ್ಬ ಹೆಂಗಸಿದ್ದಳು. ಆಟದ ಸೀಟುಗಳನ್ನು ಒರೆಸುವ ಹಾಲಮ್ಮ. ಒಂದು ಕೈಯಲ್ಲಿ ಬಕೆಟ್ಟು.

"ಹಾಲಮ್ಮಾರೆ, ಮುಟ್ಟಂಗಿಲ್ಲ ಅಂತ ಮೀಟಿಂಗಿನಾಗ ಹೇಳ್ಯಾರ" ಎಂದ ಇರ್ಫಾನ್.

"ಹೇಳಿದ್ದು ನಿಮಗ. ನಾ ಮೀಟಿಂಗಿಗೆಲ್ಲಿ ಬಂದಿದ್ದೆ? ಕಕ್ಕಸ ತೊಳಿಯಾಕ ಕಳ್ಸಿದ್ರಲ್ಲ." ಬಕೆಟ್ಟು ಕೆಳಗಿಟ್ಟು ರಬ್ಬರಿನ ಗ್ಲೌಸು ಎಳೆದು ತೆಗೆದಳು. "ಇದು ಜಾರತೈತಿ. ಎತ್ಲಾ ತಂಗಿ?"

ಬೇಡ ಎನ್ನಲು ಬಾಯಿ ತೆರೆದೆ. ಬಂದದ್ದು ಬೇರೆ ಮಾತು.

"ಲೈನ್ ಕ್ಲಿಯರ್."

"ಏನಂದಿ?"

"ಎತ್ರಿ ಅಕ್ಕ, ಅಂದೆ."

ಬ್ಲೀಚಿಂಗ್ ಪೌಡರಿನ ವಾಸನೆಯ ಕೈಗಳು ಕಂಕುಳಿಗೆ ಬಂದವು. ಎರಡು ಹೆಜ್ಜೆ, ಅಷ್ಟೇ. ಕಂಬಿಗೆ ನನ್ನನ್ನು ಒರಗಿಸಿ ಹಾಲಮ್ಮ ನನ್ನ ತುಟಿ ನೋಡಿದಳು. "ಒಬ್ಬಾಕಿನೇ ಯಾಕ ಬಂದಿದ್ದಿ? ಮನಿಯಾಗ ಯಾರೂ ಇಲ್ಲೇನು?" ಉತ್ತರಕ್ಕೆ ಕಾಯದೆ ನಾನು ಕೂತಿದ್ದ ಸೀಟು ಒರೆಸಲು ಬಗ್ಗಿದಳು. ಇರ್ಫಾನ್ ಎದುರಿನ ತೊಟ್ಟಿಲಿನಿಂದ ಚೀಲಗಳನ್ನು ಇಳಿಸತೊಡಗಿದ.

ಆ ದಿನದ ಪುಟದಲ್ಲಿ ಹಾಜರಿದ್ದವರು: ಇರ್ಫಾನ್, ಹಾಲಮ್ಮ. ಕೈ: ಒಂದು. ಬರೆಯುವಾಗ ಪೆನ್ನು ನಿಂತಿತ್ತು. ಸೊನ್ನೆ ಬರೆದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಲಾಗ್‌ಬುಕ್ಕಿನಲ್ಲಿ ಸುಳ್ಳು ಬರೆದರೆ ಕಂಬದ ಮೇಲಿನವನು ಸಾಯುತ್ತಾನೆ ಎಂದು ಅಪ್ಪ ಕಲಿಸಿದ್ದ.

ಭಾನುವಾರ ಟೆಂಪೋ ಬಂತು. ನಾನು ಡೈರಿಯನ್ನು ದೊಡ್ಡಪ್ಪನ ಕೈಗೇ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಬುಧವಾರದ ಪುಟ ಓದಿದರು.

"ಒಂದು ಆತಲ್ಲವ್ವ."

"ಹೌದು. ಒಂದು."

"ಹಂಗಾರ ಹೇರಾನ?"

ಅವರು ಪುಸ್ತಕ ಮುಚ್ಚುವ ಬದಲು ಹಿಂದಕ್ಕೆ ತಿರುವಿದರು. ಒಂದು ಪುಟ, ಎರಡು ಪುಟ, ಹತ್ತು ಪುಟ. ಆ ಪುಟಗಳನ್ನು ನಾನು ಯಾರಿಗೂ ತೋರಿಸಿರಲಿಲ್ಲ. ಆಂಬುಲೆನ್ಸ್ ಹೋದ ಮರುದಿನದಿಂದ 'ಕೈ' ಅಂಕಣದಲ್ಲಿ ಸೊನ್ನೆ, ಅದರ ಕೆಳಗೆ ಸೊನ್ನೆ, ಅದರ ಕೆಳಗೆ ಸೊನ್ನೆ. ಒಟ್ಟು ನಲವತ್ತೊಂದು. ಪಕ್ಕದ ಮನೆಯವರು ಗೇಟಿನ ಬಳಿ ಸ್ಟೂಲಿನ ಮೇಲೆ ಊಟದ ಡಬ್ಬಿ ಇಟ್ಟು ಹೋಗುತ್ತಿದ್ದರು. ಯಾರೂ ಒಳಗೆ ಕಾಲಿಡಲಿಲ್ಲ. ಫೋನಿನಲ್ಲಿ ದೊಡ್ಡಪ್ಪ ಕೇಳಿದಾಗಲೆಲ್ಲ "ಜನ ಬರ್ತಾರ" ಎಂದು ಸುಳ್ಳು ಹೇಳಿದ್ದೆ. ನಲವತ್ತೆರಡನೆಯ ದಿನ ಮುನೀರಣ್ಣನ ಹೆಂಡತಿ ಬಂದು ನನ್ನನ್ನು ಎಬ್ಬಿಸಿ ತಲೆಗೆ ನೀರು ಹಾಕಿದ್ದು.

ದೊಡ್ಡಪ್ಪನ ಬೆರಳು ಇಪ್ಪತ್ಮೂರನೆಯ ಸೊನ್ನೆಯ ಹತ್ತಿರ ನಿಂತಿತು. ಸ್ಥಳ, ಬಚ್ಚಲು. ದೋಷ, ಬಿದ್ದದ್ದು, ಬೆಳಿಗ್ಗೆ ಏಳು. ದುರಸ್ತಿ, ತೆವಳಿ ಬಂದದ್ದು, ಮಧ್ಯಾಹ್ನ ಒಂದು. ಹಾಜರಿದ್ದವರು, ಗೆರೆ.

"ಇದು ಯಾಕ ಹೇಳ್ಲಿಲ್ಲ?"

"ಹೇಳಿದ್ರ ಬರ್ತಿದ್ರಾ ದೊಡ್ಡಪ್ಪ?"

ಟೆಂಪೋದವನು ಹೊರಗೆ ಹಾರನ್ ಹೊಡೆದ. ದೊಡ್ಡಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಬಹಳ ಹೊತ್ತು ಒರೆಸಿದರು.

"ಇಲ್ಲವ್ವ. ಬರ್ತಿರ್ಲಿಲ್ಲ. ಹೆದ್ರಿದ್ದೆ."

ಅಷ್ಟು ಹೇಳಿ ಎದ್ದರು. ಮಂಚದ ಕಡೆ ನೋಡಿದರು, ನನ್ನ ಕಡೆ ನೋಡಲಿಲ್ಲ. "ಇರ್ಲಿ, ಇಲ್ಲೇ ಇರ್ಲಿ" ಎಂದರು. ಮಂಚಕ್ಕೆ ಹೇಳಿದರೋ ನನಗೆ ಹೇಳಿದರೋ ತಿಳಿಯದು. ಟೆಂಪೋ ಬರಿದಾಗಿಯೇ ಲೋಕಿಕೆರೆಗೆ ಹೋಯಿತು. ಈಗಲೂ ನಾನು ಇದೇ ಮನೆಯಲ್ಲಿದ್ದೇನೆ. ಇದು ಹನ್ನೆರಡನೆಯ ಡೈರಿ. 'ಕೈ' ಅಂಕಣದಲ್ಲಿ ದಿನಕ್ಕೆ ಎರಡೋ ಮೂರೋ ಇರುತ್ತದೆ. ಸೊನ್ನೆ ಬಂದ ದಿನ ಈಗ ನನಗೇ ಹೆದರಿಕೆ. ಬಾಗಿಲು ತೆರೆದಿಟ್ಟು ಕೂರುತ್ತೇನೆ.

ಟಿಕೆಟ್ಟು ಇದ್ದ ಪುಟದ ಮಾತು ಹೇಳಿ ಮುಗಿಸುತ್ತೇನೆ. ಟೆಂಪೋ ಹೋದ ಮೇಲೆ ಆಂಬುಲೆನ್ಸಿನ ದಿನದ ಪುಟ ತೆರೆದಿದ್ದೆ. ತಡವಾಗಿ ಬರೆಯುವುದನ್ನು ತಡವಾಗಿಯೇ ಬರೆಯಬೇಕು, ಹಿಂದಿನ ದಿನಾಂಕ ಹಾಕಬಾರದು, ಅದು ಲಾಗ್‌ಬುಕ್ಕಿನ ನಿಯಮ. ಖಾಲಿಯಿದ್ದ 'ದುರಸ್ತಿ' ಅಂಕಣದಲ್ಲಿ ಆ ಬುಧವಾರದ ದಿನಾಂಕ ಹಾಕಿ ಬರೆದೆ: ಲೈನ್ ಕ್ಲಿಯರ್ ಕೊಡಲಾಗಿದೆ, ಎಂಟನೆಯ ಸುತ್ತು. ಕೆಳಗೆ ನನ್ನ ಸಹಿ. ಅದರ ಪಕ್ಕದಲ್ಲಿ ವಾಪಸು ಕೊಟ್ಟವರ ಸಹಿಗೆ ಜಾಗ ಬಿಡಬೇಕು. ಬಿಟ್ಟಿದ್ದೇನೆ. ಪುಟ ಸಿಗಲಿ ಎಂದು ಅಲ್ಲಿ ಅಪ್ಪನ ಟಿಕೆಟ್ಟು ಇಟ್ಟಿದ್ದೆ.

ಮೊನ್ನೆ ನಾಲ್ಕು ನಿಮಿಷ ತೆಗೆದುಕೊಂಡು ಎತ್ತಿದ ಟಿಕೆಟ್ಟನ್ನು ಮತ್ತೆ ಅದೇ ಪುಟದಲ್ಲಿಟ್ಟೆ.